ಗಂಟಿಗೂ ಬೇಕು ನಡತೆ ಪ್ರಮಾಣಪತ್ರ

‘ಎಂಆರ್‌ಐ ಮಾಡಿಸಿಬಿಟ್ರೆ ಎಲ್ಲಾ ಗೊತ್ತಾಗುತ್ತೆ ಅಲ್ವಾ ಮೇಡಂ?’

ಸ್ಕ್ಯಾನಿಂಗ್ ಕೋಣೆಯ ಹೊರಗೆ ದಿನಕ್ಕೆ ನಾಲ್ಕು ಬಾರಿಯಾದರೂ ಕಿವಿಗೆ ಬೀಳುವ ಪ್ರಶ್ನೆ ಇದು. ನಾನು ಮೇಡಂ ಅಲ್ಲ. ಪಿಯುಸಿ ಸೈನ್ಸ್ ಆದ ಮೇಲೆ ಮೆಡಿಕಲ್ ಇಮೇಜಿಂಗ್ ಓದಿ, ಈಗ ಇಂಟರ್ನ್‌ಶಿಪ್ ಮಾಡುತ್ತಿರುವವಳು. ಆದರೆ ಯೂನಿಫಾರ್ಮ್ ಹಾಕಿಕೊಂಡವರೆಲ್ಲ ಅಲ್ಲಿ ಕಾಯುವವರ ಪಾಲಿಗೆ ಮೇಡಂಗಳೇ. ಸ್ತನದ ಎಂಆರ್‌ಐಗೆ ಬಂದವರ ‘ಎಲ್ಲಾ’ ಎಂಬ ಪದದೊಳಗೆ ಇರುವುದು ಒಂದೇ ಪ್ರಶ್ನೆ: ಕೈಗೆ ಸಿಕ್ಕ ಈ ಗಂಟು ಕ್ಯಾನ್ಸರೋ, ಅಲ್ಲವೋ? ‘ಡಾಕ್ಟರ್ ಹೇಳ್ತಾರೆ’ ಎಂದು ನಾವು ನಕ್ಕು ಮುಂದೆ ಹೋಗುತ್ತೇವೆ. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ಆ ಯಂತ್ರಕ್ಕೆ ಬರುವುದಿಲ್ಲ. ಅದು ಹೇಳುವುದು ಬೇರೆಯೇ. ಕಾರಿಡಾರಿನಲ್ಲಿ ನಿಂತು ವಿವರಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎದೆಯಲ್ಲಿ ಗಂಟು ಎಂದರೆ ಕ್ಯಾನ್ಸರ್ ಎಂದೇನೂ ಅಲ್ಲ. ನಮ್ಮ ವಯಸ್ಸಿನವರಲ್ಲಿ, ಅಂದರೆ ಹದಿಹರೆಯದಿಂದ ಇಪ್ಪತ್ತರ ಕೊನೆಯವರೆಗೆ, ಅತಿ ಹೆಚ್ಚಾಗಿ ಸಿಗುವುದು ಫೈಬ್ರೊಅಡಿನೋಮ ಎಂಬ ಗಂಟು. ಗೋಲಿಯ ಹಾಗೆ ನುಣುಪಾಗಿದ್ದು ಬೆರಳು ಇಟ್ಟರೆ ಪಕ್ಕಕ್ಕೆ ಜಾರಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಎದೆಯ ಇಲಿ’ ಎಂಬ ಅಡ್ಡಹೆಸರೇ ಇದೆ. ನೀರು ತುಂಬಿದ ಸಿಸ್ಟ್ ಇರಬಹುದು, ಹಾಲೂಡಿಸುವವರಲ್ಲಿ ಕೀವು ಕಟ್ಟಿರಬಹುದು, ಎಂದೋ ಪೆಟ್ಟು ಬಿದ್ದ ಜಾಗದ ಕೊಬ್ಬು ಗಟ್ಟಿಯಾಗಿರಬಹುದು. ಇವನ್ನೆಲ್ಲ ವೈದ್ಯರು ಬಿನೈನ್ ಎನ್ನುತ್ತಾರೆ. ಅಕ್ಕಪಕ್ಕಕ್ಕೆ ನುಗ್ಗಿ, ರಕ್ತದಲ್ಲಿ ಹರಡಿ, ಜೀವಕ್ಕೆ ಎರವಾಗುವ ಗಂಟು ಮ್ಯಾಲಿಗ್ನೆಂಟ್. ನಮ್ಮ ಬ್ಯಾಚಿನ ಭಾಷೆಯಲ್ಲಿ ಹೇಳುವುದಾದರೆ ಒಂದು ಸಾಧು, ಇನ್ನೊಂದು ಕೇಡಿ. ತೊಂದರೆ ಏನೆಂದರೆ ಕೆಲವು ಕೇಡಿಗಳು ಸಾಧುವಿನ ವೇಷದಲ್ಲಿರುತ್ತವೆ.

ಈ ವೇಷ ಕಳಚುವ ಆಸೆ ಎಂಆರ್‌ಐ ಹುಟ್ಟುವ ಮೊದಲೇ ಹುಟ್ಟಿತ್ತು. 1971ರಲ್ಲಿ ಅಮೆರಿಕದ ರೇಮಂಡ್ ಡಮಾಡಿಯನ್ ಇಲಿಗಳ ಗಡ್ಡೆಯ ತುಣುಕುಗಳನ್ನು ಅಯಸ್ಕಾಂತದ ನಡುವೆ ಇಟ್ಟು, ಅವುಗಳಲ್ಲಿನ ನೀರಿನ ಹೈಡ್ರೋಜನ್ ಕೊಡುವ ಸಂಕೇತ ಸಹಜ ಅಂಗಾಂಶದ ಸಂಕೇತಕ್ಕಿಂತ ನಿಧಾನವಾಗಿ ಶಮನವಾಗುತ್ತದೆ ಎಂದು ತೋರಿಸಿದರು. ಹಾಗಾದರೆ ಕತ್ತರಿಯಿಲ್ಲದೆ ಕ್ಯಾನ್ಸರ್ ಗುರುತಿಸಬಹುದಲ್ಲ! ಎರಡು ವರ್ಷದ ಮೇಲೆ ಪಾಲ್ ಲಾಟರ್‌ಬರ್ ಆ ಸಂಕೇತದಿಂದ ಚಿತ್ರ ಮೂಡಿಸುವ ದಾರಿ ಕಂಡುಕೊಂಡರು. 2003ರಲ್ಲಿ ನೊಬೆಲ್ ಬಂದಾಗ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಹೆಸರಿತ್ತು, ಡಮಾಡಿಯನ್ ಹೆಸರಿರಲಿಲ್ಲ. ಅವರು ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟು ಪ್ರತಿಭಟಿಸಿದ ಕಥೆ ನಮ್ಮ ಕ್ಲಾಸಿನಲ್ಲಿ ಬಹಳ ಜನಪ್ರಿಯ. ಪರೀಕ್ಷೆಗೆ ಬರುವುದಿಲ್ಲ ಎಂಬುದಷ್ಟೇ ಬೇಜಾರು.

ಸ್ತನದ ಮಟ್ಟಿಗೆ ಮಾತ್ರ ಆ ಮೊದಲ ಆಸೆ ಪೂರ್ತಿ ಕೈಗೂಡಲಿಲ್ಲ. ಬರಿಯ ಎಂಆರ್‌ಐ ಚಿತ್ರದಲ್ಲಿ ಸಾಧು ಗಂಟಿನ ಸಂಕೇತವೂ ಕೇಡಿ ಗಂಟಿನ ಸಂಕೇತವೂ ಒಂದರ ಮೇಲೊಂದು ಬಿದ್ದುಕೊಂಡವು. ದಾರಿ ತೋರಿದ್ದು ಇನ್ನೊಂದು ಕಡೆಯಿಂದ ಬಂದ ವಿಚಾರ. ಅದೇ 1971ರಲ್ಲಿ ಜುಡಾ ಫೋಕ್‌ಮನ್ ಎಂಬ ಅಮೆರಿಕದ ಶಸ್ತ್ರವೈದ್ಯ, ಕ್ಯಾನ್ಸರ್ ಗಡ್ಡೆ ಬೆಳೆಯಬೇಕಾದರೆ ತನಗಾಗಿಯೇ ಹೊಸ ರಕ್ತನಾಳಗಳನ್ನು ಕರೆಸಿಕೊಳ್ಳಬೇಕು ಎಂದು ವಾದಿಸಿದ್ದರು. ನಮ್ಮೂರುಗಳಲ್ಲಿ ರಾತ್ರೋರಾತ್ರಿ ಎದ್ದ ಅನಧಿಕೃತ ಬಡಾವಣೆಗೆ ನೀರಿನ ಪೈಪು ಎಳೆದ ಹಾಗೆ ಈ ನಾಳಗಳು. ಅಳತೆಯಿಲ್ಲ, ಪ್ಲ್ಯಾನ್ ಇಲ್ಲ, ಜಾಯಿಂಟ್ ಜಾಯಿಂಟಿನಲ್ಲಿ ಸೋರಿಕೆ. ನೀರು ರಭಸವಾಗಿ ನುಗ್ಗುತ್ತದೆ, ಅಷ್ಟೇ ಬೇಗ ಹೊರಟೂ ಹೋಗುತ್ತದೆ.

ಹಾಗಾದರೆ ಗಂಟಿನ ರೂಪ ನೋಡುತ್ತ ಕೂರುವ ಬದಲು ಅದರೊಳಗೆ ರಕ್ತ ಹೇಗೆ ಬಂದು ಹೋಗುತ್ತದೆ ಎಂದು ನೋಡಿದರೆ? ಅದಕ್ಕೆ ಬೇಕಾದ ಬಣ್ಣ ಗ್ಯಾಡೊಲಿನಿಯಂ. ಬಣ್ಣ ಎಂದರೆ ನಿಜವಾದ ಬಣ್ಣವಲ್ಲ, ಎಂಆರ್‌ಐ ಚಿತ್ರದಲ್ಲಿ ತಾನು ತಲುಪಿದ ಜಾಗವನ್ನು ಬೆಳಗಿಸುವ ಲೋಹ. 1986ರಲ್ಲಿ ಜರ್ಮನಿಯ ಸಿಲ್ವಿಯಾ ಹೇವಾಂಗ್ ಮತ್ತು ಸಂಗಡಿಗರು ಸ್ತನದ ಎಂಆರ್‌ಐಯಲ್ಲಿ ಇದನ್ನು ಬಳಸಿದ ವರದಿ ಪ್ರಕಟಿಸಿದರು. ಕ್ಯಾನ್ಸರ್ ಬೆಳಗಿತು. ಆದರೆ ಫೈಬ್ರೊಅಡಿನೋಮಗಳೂ ಬೆಳಗಿದವು! ಬೆಳಗುವುದೇ ಅಪರಾಧವಲ್ಲ ಎಂದಾದ ಮೇಲೆ, ಹೇಗೆ ಬೆಳಗುತ್ತದೆ ಎಂದು ಕೇಳಬೇಕಾಯಿತು.

ಆ ಪ್ರಶ್ನೆಗೆ ಉತ್ತರ ಹುಡುಕುವ ಸ್ಕ್ಯಾನ್ ಒಳಗಿನಿಂದ ಹೇಗಿರುತ್ತದೆ ಹೇಳುತ್ತೇನೆ. ಉಳಿದ ಎಂಆರ್‌ಐಗಳಲ್ಲಿ ಸಾಮಾನ್ಯವಾಗಿ ಅಂಗಾತ ಮಲಗಿಸುತ್ತೇವೆ, ಇಲ್ಲಿ ಬೋರಲು. ಟೇಬಲ್ ಮೇಲೆ ಎರಡು ಕುಳಿಗಳಿರುವ ಸಾಧನ ಇರುತ್ತದೆ, ಅದನ್ನು ಬ್ರೆಸ್ಟ್ ಕಾಯಿಲ್ ಎನ್ನುತ್ತಾರೆ. ಸ್ತನಗಳು ಆ ಕುಳಿಯೊಳಗೆ ಒತ್ತಡವಿಲ್ಲದೆ ಇಳಿಯಬೇಕು. ಹಣೆ ಮುಂದಿನ ದಿಂಬಿನ ಮೇಲೆ, ಕೈಗೆ ಐವಿ ಸೂಜಿ, ಕಿವಿಗೆ ಮುಚ್ಚುಗೆ. ಸುತ್ತ ಇರುವ 1.5 ಟೆಸ್ಲಾ ಅಯಸ್ಕಾಂತದ ಬಲ ಭೂಮಿಯ ಕಾಂತಬಲದ ಸುಮಾರು 30 ಸಾವಿರ ಪಟ್ಟು. ಕಿವಿಯೋಲೆ, ಹೇರ್‌ಪಿನ್, ಕಾಲುಂಗುರ ಎಲ್ಲ ಹೊರಗೆ. ತಾಳಿ ತೆಗೆಯಲು ಒಪ್ಪದವರ ಮನವೊಲಿಸುವುದು ಸಿಲಬಸ್ಸಿನಲ್ಲಿಲ್ಲದ ಪಾಠ.

ಮೊದಲು ಬಣ್ಣವಿಲ್ಲದೆ ಒಂದು ಸುತ್ತು ಚಿತ್ರ. ಆಮೇಲೆ ಗ್ಯಾಡೊಲಿನಿಯಂ ಒಳಹೋಗುತ್ತದೆ. ಸುಮಾರು ಒಂದು–ಒಂದೂವರೆ ನಿಮಿಷಕ್ಕೊಮ್ಮೆ ಅದೇ ಜಾಗದ ಚಿತ್ರ, ಮತ್ತೆ ಮತ್ತೆ. ನಂತರದ ಚಿತ್ರದಿಂದ ಮೊದಲಿನ ಚಿತ್ರವನ್ನು ಕಂಪ್ಯೂಟರ್ ಕಳೆಯುತ್ತದೆ. ಶಾಲೆಯಲ್ಲಿ ಕಲಿತ ವ್ಯವಕಲನವೇ. ಎರಡರಲ್ಲೂ ಇದ್ದದ್ದು ಅಳಿಸಿಹೋಗಿ, ಹೊಸದಾಗಿ ಬೆಳಗಿದ್ದಷ್ಟೇ ಕಪ್ಪು ಆಕಾಶದಲ್ಲಿ ನಕ್ಷತ್ರದಂತೆ ಉಳಿಯುತ್ತದೆ. ಆದರೆ ಈ ನಿಮಿಷಗಳಲ್ಲಿ ಆಕೆ ಒಂದಿಷ್ಟು ಅಲುಗಿದರೂ ಕಳೆಯುವ ಲೆಕ್ಕ ತಪ್ಪುತ್ತದೆ, ಇಲ್ಲದ ಜಾಗದಲ್ಲಿ ಬೆಳಕು ಮೂಡುತ್ತದೆ. ಹಾಗಾಗಿ ಮೈಕಿನಲ್ಲಿ ‘ಅಲುಗಬೇಡಿ ಅಮ್ಮಾ, ಇನ್ನೆರಡೇ ನಿಮಿಷ’ ಎನ್ನುವ ಟೆಕ್ನಾಲಜಿಸ್ಟ್ ದನಿಗೂ ರೋಗನಿರ್ಣಯದಲ್ಲಿ ಪಾಲಿದೆ ಎಂದು ನಾನು ನಂಬುತ್ತೇನೆ.

ಈಗ ಗಂಟಿನ ಮೇಲೆ ಒಂದು ಚುಕ್ಕಿ ಇಟ್ಟು ಸಮಯ ಮತ್ತು ಬೆಳಕಿನ ಗ್ರಾಫ್ ಬರೆಯುತ್ತಾರೆ. ಮೂರು ಬಗೆಯ ಗೆರೆ ಬರುತ್ತದೆ. ಒಂದನೆಯದು ಏರುತ್ತಲೇ ಹೋಗುತ್ತದೆ. ಎರಡನೆಯದು ಏರಿ ಸಮತಟ್ಟಾಗುತ್ತದೆ. ಮೂರನೆಯದು ಮೊದಲೆರಡು ನಿಮಿಷದಲ್ಲೇ ಜೋರಾಗಿ ಏರಿ ಇಳಿಯತೊಡಗುತ್ತದೆ, ಇದಕ್ಕೆ ವಾಷ್‌ಔಟ್ ಎಂದು ಹೆಸರು. ಸೋರುವ ಪೈಪಿನ ಬಡಾವಣೆ ನೆನಪಿದೆಯಲ್ಲ? ಮೂರನೆಯ ಗೆರೆ ಅದರದ್ದು.

ಈ ಗೆರೆಗಳನ್ನು ಎಷ್ಟು ನಂಬಬಹುದು ಎಂದು ಜರ್ಮನಿಯ ಬಾನ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟಿಯಾನೆ ಕುಲ್ ಮತ್ತು ತಂಡ ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದರು. ಒಟ್ಟು 266 ಗಂಟುಗಳು. ಅವುಗಳಲ್ಲಿ 101 ಕ್ಯಾನ್ಸರ್, 165 ಅಲ್ಲ. ಕ್ಯಾನ್ಸರ್‌ಗಳಲ್ಲಿ ಶೇ 57.4ರಷ್ಟು ಏರಿ ಇಳಿದವು, ಶೇ 33.6 ಸಮತಟ್ಟಾದವು, ಶೇ 8.9 ಸಾಧುವಿನಂತೆ ನಿಧಾನವಾಗಿ ಏರುತ್ತಲೇ ಹೋದವು. ನಿರಪಾಯಕಾರಿ ಗಂಟುಗಳಲ್ಲಿ ಶೇ 83 ಏರುತ್ತಲೇ ಹೋದವು, ಶೇ 11.5 ಸಮತಟ್ಟು, ಶೇ 5.5 ಮಾತ್ರ ಕೇಡಿಯಂತೆ ಏರಿ ಇಳಿದವು.

ಈ ಶೇಕಡಾಗಳನ್ನು ನಾನೊಮ್ಮೆ ರಫ್ ಪುಸ್ತಕದಲ್ಲಿ ಎಣಿಕೆಗೆ ಇಳಿಸಿ ನೋಡಿದೆ. ಸಾಧುವಿನಂತೆ ನಡೆದುಕೊಂಡ ಕ್ಯಾನ್ಸರ್‌ಗಳು 9. ಕೇಡಿಯಂತೆ ನಡೆದುಕೊಂಡ ಸಾಧುಗಳೂ 9! ಏರಿ ಇಳಿದ 67 ಗಂಟುಗಳಲ್ಲಿ 58 ನಿಜಕ್ಕೂ ಕ್ಯಾನ್ಸರ್. ಏರುತ್ತಲೇ ಹೋದ 146ರಲ್ಲಿ 137 ನಿರಪಾಯಕಾರಿ. ಲೆಕ್ಕಕ್ಕೆ ಇದು ಒಳ್ಳೆಯ ಫಲಿತಾಂಶ, ಇಂದಿಗೂ ಪಾಠದಲ್ಲಿ ಹೇಳಿಕೊಡುತ್ತಾರೆ. ಆದರೆ ಆ ಎರಡು 9ಗಳು ಪುಟದ ಮೇಲಿನ ಅಂಕಿಯಲ್ಲ. ಒಂದು ಕಡೆಯ ಒಂಬತ್ತನ್ನು ಗೆರೆ ನೋಡಿಯೇ ಬಿಟ್ಟುಬಿಟ್ಟಿದ್ದರೆ ಕ್ಯಾನ್ಸರ್ ಒಳಗೇ ಬೆಳೆಯುತ್ತಿತ್ತು. ಇನ್ನೊಂದು ಕಡೆಯ ಒಂಬತ್ತಕ್ಕೆ ಗೆರೆಯನ್ನಷ್ಟೇ ನಂಬಿ ತೀರ್ಪು ಕೊಟ್ಟಿದ್ದರೆ ಇಲ್ಲದ ರೋಗಕ್ಕೆ ಕತ್ತರಿ ಬೀಳುತ್ತಿತ್ತು.

ತಪ್ಪು ವೇಷಗಳು ಎಲ್ಲಿಂದ ಬರುತ್ತವೆ ಎಂಬುದೂ ಗೊತ್ತಿದೆ. ಸ್ತನದೊಳಗೆ ಕೆಲವೊಮ್ಮೆ ಇರುವ ಪುಟ್ಟ ದುಗ್ಧಗ್ರಂಥಿಗೆ ರಕ್ತ ಪೂರೈಕೆ ಚೆನ್ನಾಗಿರುತ್ತದೆ, ಅದು ಏನೂ ಕೆಡುಕು ಮಾಡದೆ ಏರಿ ಇಳಿಯುವ ಗೆರೆ ಕೊಡುತ್ತದೆ. ಅತ್ತ, ಹಾಲಿನ ನಾಳದೊಳಗೇ ಉಳಿದಿರುವ ಆರಂಭಿಕ ಕ್ಯಾನ್ಸರ್ ಮತ್ತು ಲೋಬ್ಯುಲರ್ ಎಂಬ ಬಗೆಯ ಕ್ಯಾನ್ಸರ್ ಗಡಿಬಿಡಿಯಿಲ್ಲದೆ ನಿಧಾನವಾಗಿ ಬೆಳಗುವುದುಂಟು.

ಕಾಲೇಜು ಬಿಡುವಾಗ ಟಿ.ಸಿ. ಜೊತೆ ಒಂದು ನಡತೆ ಪ್ರಮಾಣಪತ್ರ ಕೊಡುತ್ತಾರಲ್ಲ, ಎಂಆರ್‌ಐ ಕೊಡುವುದೂ ಅಂಥದ್ದೇ ಒಂದು ಪತ್ರ. ನಮ್ಮ ಪತ್ರದಲ್ಲಿ ಎಲ್ಲರ ನಡತೆಯೂ ‘ಉತ್ತಮ’. ಇಲ್ಲಿ ಮಾತ್ರ ಹಲವು ಸಾಕ್ಷಿಗಳನ್ನು ವಿಚಾರಿಸಿಯೇ ಬರೆಯುತ್ತಾರೆ. ಗೆರೆ ಒಂದು ಸಾಕ್ಷಿ. ಆಕಾರ ಇನ್ನೊಂದು: ಮೊಟ್ಟೆಯಂತೆ ದುಂಡಗೆ, ಅಂಚು ನುಣುಪಾಗಿದ್ದರೆ ಸಮಾಧಾನ. ಒಳಗೆ ಬೆಳಗದ ಕಪ್ಪು ಗೆರೆಗಳು ಗೋಡೆಗಳಂತೆ ಹಾದುಹೋಗಿದ್ದರೆ ಅದು ಫೈಬ್ರೊಅಡಿನೋಮ ಎಂಬುದಕ್ಕೆ ಬಲವಾದ ಗುರುತು. ಅಂಚು ಮುಳ್ಳುಮುಳ್ಳಾಗಿ ಸುತ್ತಲಿಗೆ ಚಾಚಿದ್ದರೆ, ಅಥವಾ ನಡುವೆ ಮಬ್ಬಾಗಿ ಸುತ್ತ ಬಳೆಯಂತೆ ಬೆಳಗಿದರೆ ಅನುಮಾನ ಹೆಚ್ಚುತ್ತದೆ. ಮತ್ತೊಂದು ಸಾಕ್ಷಿ ಡಿಫ್ಯೂಷನ್. ಕ್ಯಾನ್ಸರ್‌ನಲ್ಲಿ ಜೀವಕೋಶಗಳು ಬೆಳಗಿನ ಬಿಎಂಟಿಸಿ ಬಸ್ಸಿನಂತೆ ಒತ್ತೊತ್ತಾಗಿರುವುದರಿಂದ ನಡುವಿನ ನೀರಿಗೆ ಓಡಾಡಲು ಜಾಗ ಸಾಲದು, ಆ ಇಕ್ಕಟ್ಟನ್ನು ಬಣ್ಣ ಚುಚ್ಚದೆಯೇ ಅಳೆಯಬಹುದು. 2019ರಲ್ಲಿ ಪ್ರಕಟವಾದ ಅಮೆರಿಕದ ಹಲವು ಆಸ್ಪತ್ರೆಗಳ ಅಧ್ಯಯನವೊಂದು, ಈ ಅಳತೆಯನ್ನೂ ಸೇರಿಸಿಕೊಂಡರೆ ಕ್ಯಾನ್ಸರ್ ತಪ್ಪಿಸಿಕೊಳ್ಳದಂತೆ ಸುಮಾರು ಐದರಲ್ಲಿ ಒಂದು ಬಯಾಪ್ಸಿ ಉಳಿಸಬಹುದು ಎಂದು ಲೆಕ್ಕ ಹಾಕಿತು.

ಸಾಕ್ಷಿಗಳನ್ನೆಲ್ಲ ಕೂಡಿಸಿ ರೇಡಿಯಾಲಜಿಸ್ಟ್ ಒಂದು ಅಂಕಿ ಕೊಡುತ್ತಾರೆ. ರಿಪೋರ್ಟಿನ ಕೊನೆಯಲ್ಲಿ ‘ಬೈರಾಡ್ಸ್’ ಎಂದು ಇರುತ್ತದೆ, ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ ರೂಪಿಸಿದ ಶ್ರೇಣಿ ಅದು. 2 ಎಂದರೆ ಖಚಿತವಾಗಿ ನಿರಪಾಯ. 3 ಎಂದರೆ ಕ್ಯಾನ್ಸರ್ ಸಾಧ್ಯತೆ ಶೇ 2ಕ್ಕಿಂತ ಹೆಚ್ಚಿಲ್ಲ, ಸಾಮಾನ್ಯವಾಗಿ ಆರು ತಿಂಗಳ ಮೇಲೆ ಮತ್ತೆ ನೋಡೋಣ ಎನ್ನುತ್ತಾರೆ. 5 ಎಂದರೆ ಶೇ 95 ಅಥವಾ ಹೆಚ್ಚು. ನಡುವಿನ 4 ಇದೆಯಲ್ಲ, ಅದರ ವ್ಯಾಪ್ತಿ ಶೇ 2ರಿಂದ 95! ಫಲಿತಾಂಶದ ದಿನ ‘ನೀನು ಎರಡರಿಂದ ತೊಂಬತ್ತೈದು ಅಂಕದ ನಡುವೆ ಎಲ್ಲೋ ಇದ್ದೀಯ’ ಎಂದ ಹಾಗೆ. ರಿಪೋರ್ಟಿನಲ್ಲಿ 4 ಕಂಡು ಅಲ್ಲೇ ಕುಸಿದು ಕುಳಿತವರನ್ನು ನೋಡಿದ್ದೇನೆ. ನಾಲ್ಕು ಎಂದರೆ ಕ್ಯಾನ್ಸರ್ ಎಂದಲ್ಲ, ಸೂಜಿ ಪರೀಕ್ಷೆ ಆಗಬೇಕು ಎಂದಷ್ಟೇ.

ಎಂಆರ್‌ಐ ವಿಚಾರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದು: ಅದು ಕೇಡಿಯನ್ನು ಬಿಟ್ಟುಬಿಡುವುದಕ್ಕಿಂತ ಹೆಚ್ಚಾಗಿ ಸಾಧುವಿನ ಮೇಲೆ ಅನುಮಾನ ಪಡುತ್ತದೆ. ನೆದರ್ಲೆಂಡ್ಸ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಡೆನ್ಸ್ ಎಂಬ ದೊಡ್ಡ ಅಧ್ಯಯನದಲ್ಲಿ, ಮ್ಯಾಮೊಗ್ರಾಂ ಸರಿಯಿದ್ದರೂ ಸ್ತನದ ಅಂಗಾಂಶ ತೀರಾ ಸಾಂದ್ರವಾಗಿದ್ದ 50ರಿಂದ 75 ವಯಸ್ಸಿನ ಮಹಿಳೆಯರಿಗೆ ಎಂಆರ್‌ಐ ಮಾಡಿದರು. ಮ್ಯಾಮೊಗ್ರಾಂನಲ್ಲಿ ಕಾಣದ ಕ್ಯಾನ್ಸರ್‌ಗಳು ಪ್ರತಿ ಸಾವಿರಕ್ಕೆ 16.5ರಂತೆ ಸಿಕ್ಕವು. ಎಷ್ಟೋ ಜೀವಗಳಿಗೆ ಸಮಯ ಸಿಕ್ಕಿತು. ಅದೇ ಸಮಯಕ್ಕೆ, ಸೂಜಿ ಚುಚ್ಚಿಸಿಕೊಂಡ 300 ಮಂದಿಯಲ್ಲಿ ಕ್ಯಾನ್ಸರ್ ಇದ್ದದ್ದು 79 ಮಂದಿಗೆ. ಉಳಿದವರೆಲ್ಲ ರಿಪೋರ್ಟ್ ಬರುವ ತನಕ ಕಳೆದ ರಾತ್ರಿಗಳನ್ನು ಯಾವ ಕೋಷ್ಟಕದಲ್ಲೂ ಬರೆದಿಲ್ಲ.

ತಿಂಗಳ ಮುಟ್ಟು ಕೂಡ ಈ ಯಂತ್ರವನ್ನು ಏಮಾರಿಸುತ್ತದೆ. ಹಾರ್ಮೋನುಗಳ ಏರಿಳಿತಕ್ಕೆ ಸಹಜ ಅಂಗಾಂಶವೇ ಅಲ್ಲಲ್ಲಿ ಬೆಳಗಿ ಗಂಟಿನಂತೆ ತೋರಬಹುದು. ಆದ್ದರಿಂದ ತುರ್ತಿಲ್ಲದಿದ್ದರೆ ಮುಟ್ಟು ಶುರುವಾದ ದಿನದಿಂದ ಲೆಕ್ಕ ಹಾಕಿ ಎರಡನೆಯ ವಾರದಲ್ಲಿ ಸ್ಕ್ಯಾನ್ ಮಾಡುವುದು ಒಳ್ಳೆಯದು. ‘ಕೊನೆಯ ಮುಟ್ಟು ಯಾವಾಗ?’ ಎಂದು ಕೌಂಟರಿನಲ್ಲಿ ಕೇಳಿದಾಗ ಮುಜುಗರಕ್ಕೆ ಬಾಯಿಗೆ ಬಂದ ತಾರೀಖು ಹೇಳುವವರಿದ್ದಾರೆ. ಅಪ್ಪನೋ ಅಣ್ಣನೋ ಪಕ್ಕದಲ್ಲಿ ನಿಂತಿರುವಾಗ ಗಟ್ಟಿಯಾಗಿ ಕೇಳುವ ನಮ್ಮವರದ್ದೂ ತಪ್ಪಿದೆ. ಅದೊಂದು ಚೀಟಿಯಲ್ಲಿ ಬರೆಸಿಕೊಳ್ಳುವಷ್ಟು ಸುಲಭದ ಕೆಲಸ.

ಹಾಸ್ಟೆಲಿನ ನನ್ನ ಜೂನಿಯರ್ ಒಬ್ಬಳು ಒಂದು ರಾತ್ರಿ ವಾಟ್ಸ್‌ಆ್ಯಪಿನಲ್ಲಿ ಕೇಳಿದಳು: ‘ಅಕ್ಕಾ, ಎಂಆರ್‌ಐಗೆ ಎಷ್ಟಾಗುತ್ತೆ? ಮನೆಗೆ ಗೊತ್ತಾಗದೆ ಮಾಡಿಸಬಹುದಾ?’ ಸ್ನಾನ ಮಾಡುವಾಗ ಗಂಟು ಕೈಗೆ ಸಿಕ್ಕಿ ಮೂರು ತಿಂಗಳಾಗಿತ್ತು. ಮನೆಯಲ್ಲಿ ಮದುವೆ ಮಾತು ನಡೆದಿತ್ತು, ವಿಷಯ ಹೊರಬಿದ್ದರೆ ಯಾರು ಒಪ್ಪುತ್ತಾರೆ ಎಂಬ ಭಯ. ಟ್ಯೂಷನ್ ಹೇಳಿ ಬಂದ ದುಡ್ಡನ್ನು ‘ದೊಡ್ಡ ಸ್ಕ್ಯಾನ್‌’ಗೆಂದು ಕೂಡಿಡುತ್ತಿದ್ದಳು. ಆ ಮೂರು ತಿಂಗಳು ಅವಳು ಕಾದದ್ದು ಅವಳಿಗೆ ಬೇಡವೇ ಬೇಡದ ಪರೀಕ್ಷೆಗೆ. ಮೂವತ್ತರೊಳಗಿನವರಿಗೆ ಗಂಟು ಕಂಡರೆ ಮೊದಲು ವೈದ್ಯರು ಕೈಯಿಂದ ಮುಟ್ಟಿ ನೋಡಬೇಕು, ಆಮೇಲೆ ಅಲ್ಟ್ರಾಸೌಂಡ್, ಅಗತ್ಯವಿದ್ದರೆ ಸೂಜಿ. ಎಂಆರ್‌ಐ ಬರುವುದು ಇವುಗಳ ಉತ್ತರ ಒಂದಕ್ಕೊಂದು ಹೊಂದದಿದ್ದಾಗ, ಕ್ಯಾನ್ಸರ್ ಖಚಿತವಾದ ಮೇಲೆ ಎಲ್ಲಿಯವರೆಗೆ ಇದೆ ಎಂದು ತಿಳಿಯಬೇಕಾದಾಗ, ಇಲ್ಲವೇ ಬಿಆರ್‌ಸಿಎ ಜೀನ್ ದೋಷ ಇರುವ ಮನೆತನಗಳಲ್ಲಿ. ಈ ಕೊನೆಯ ಗುಂಪಿನವರಿಗೆ ಮಾತ್ರ 25ರ ವಯಸ್ಸಿನಿಂದಲೇ ವರ್ಷಕ್ಕೊಮ್ಮೆ ಎಂಆರ್‌ಐ ಮಾಡಿಸಲು ಸಲಹೆ ಕೊಡುತ್ತಾರೆ. ಅವಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಟ್ರಾಸೌಂಡ್‌ಗೆ ಹತ್ತು ನಿಮಿಷ ಹಿಡಿಯಿತು, ಸರದಿಗೆ ಮೂರು ಗಂಟೆ. ಸೂಜಿ ಪರೀಕ್ಷೆಯೂ ಆಯಿತು. ಫೈಬ್ರೊಅಡಿನೋಮ.

ಅವಳ ಗಂಟು ಕೇಡಿಯೇ ಆಗಿದ್ದರೆ ಆ ಮೂರು ತಿಂಗಳು ಏನಾಗುತ್ತಿತ್ತು ಎಂದು ಆಮೇಲೂ ಯೋಚಿಸಿದ್ದೇನೆ. ಭಾರತದಲ್ಲಿ 2022ರೊಂದರಲ್ಲೇ ಸುಮಾರು 1.92 ಲಕ್ಷ ಹೊಸ ಸ್ತನ ಕ್ಯಾನ್ಸರ್ ಪ್ರಕರಣಗಳ ಅಂದಾಜಿದೆ. ಬಹಳಷ್ಟು ಮಂದಿ ಆಸ್ಪತ್ರೆಗೆ ಬರುವುದೇ ತಡವಾಗಿ. ಆ ತಡಕ್ಕೆ ಯಂತ್ರಗಳ ಕೊರತೆ ಒಂದು ಕಾರಣ, ಬಾಯಿ ಬಿಡದ ಸಂಕೋಚ ಇನ್ನೊಂದು. ಜೊತೆಗೆ ‘ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ’ ಎಂಬ ಮಾತು ಹಳ್ಳಿಯಲ್ಲೂ ಇದೆ, ಅಪಾರ್ಟ್‌ಮೆಂಟಿನಲ್ಲೂ ಇದೆ. ಬಯಾಪ್ಸಿಯಿಂದ ಚಿಕಿತ್ಸೆಯ ಫಲ ಕೆಡುತ್ತದೆ ಎನ್ನಲು ಆಧಾರವಿಲ್ಲ. ಆಪರೇಷನ್‌ಗೆ ಮೊದಲು ಸೂಜಿಯಿಂದ ಖಚಿತಪಡಿಸಿಕೊಳ್ಳುವುದೇ ಎಲ್ಲೆಡೆಯ ಪದ್ಧತಿ. ಎಂಆರ್‌ಐ ಎಷ್ಟೇ ಬುದ್ಧಿವಂತ ಗೆರೆ ಬರೆದರೂ ಕೊನೆಯ ಸಹಿ ಹಾಕುವುದು ಸೂಕ್ಷ್ಮದರ್ಶಕದ ಮುಂದೆ ಕೂತ ಪೆಥಾಲಜಿಸ್ಟ್.

ಒಂದು ತಮಾಷೆಯೂ ಇದೆ. ಮೂರು ಗೆರೆಗಳ ಲೆಕ್ಕ ಕೊಟ್ಟ ಅದೇ ಕುಲ್, 2014ರಲ್ಲಿ 17 ನಿಮಿಷದ ಸ್ಕ್ಯಾನನ್ನು 3 ನಿಮಿಷಕ್ಕೆ ಇಳಿಸಿದರೂ ತಪಾಸಣೆಗೆ ಸಾಕು ಎಂದು ತೋರಿಸಿದರು. ಅಷ್ಟು ಚಿಕ್ಕ ಸ್ಕ್ಯಾನಿನಲ್ಲಿ ಏರಿಳಿಯುವ ಗೆರೆ ಬರೆಯಲು ಸಮಯವೇ ಇರುವುದಿಲ್ಲ. ತನ್ನ ಹೆಸರು ತಂದ ಗೆರೆಯನ್ನೇ ಪಕ್ಕಕ್ಕಿಡಲು ಹಿಂಜರಿಯದ ಆ ಧೋರಣೆ ನನಗೆ ಇಷ್ಟ. ಈ ಚಿಕ್ಕ ಸ್ಕ್ಯಾನ್ ನಮ್ಮಲ್ಲೂ ಬಳಕೆಗೆ ಬಂದರೆ ಒಂದೇ ಯಂತ್ರದಲ್ಲಿ ದಿನಕ್ಕೆ ಹೆಚ್ಚು ಜನರನ್ನು ನೋಡಬಹುದು, ಖರ್ಚೂ ಇಳಿಯಬಹುದು.

ಇಮೇಜಿಂಗ್ ಕೋರ್ಸ್ ಹೇಗೆ ಎಂದು ಕೇಳುವ ಪಿಯುಸಿ ಗೆಳೆಯರಿಗೆ ಒಂದು ಮಾತು. ಫಿಸಿಕ್ಸ್ ಇಷ್ಟವಿದ್ದರೆ ಬನ್ನಿ, ಪರದೆಯ ಮೇಲೆ ಅದು ಕಣ್ಣೆದುರೇ ಓಡಾಡುತ್ತದೆ. ಗುಟ್ಟು ಇಟ್ಟುಕೊಳ್ಳಲು ಬರದಿದ್ದರೆ ಯೋಚಿಸಿ. ಚಿತ್ರ ಮೊದಲು ಕಾಣುವುದು ನಮಗೆ. ಟೇಬಲಿನಿಂದ ಇಳಿಯುವಾಗ ಆಕೆ ನಮ್ಮ ಮುಖವನ್ನೇ ಓದುತ್ತಾಳೆ. ಗೆರೆ ಏರಿ ಇಳಿದದ್ದನ್ನು ಕಂಡಿದ್ದರೂ ನಾವು ಹೇಳುವಂತಿಲ್ಲ. ಅದು ನಿಯಮಕ್ಕಾಗಿ ಮಾತ್ರವಲ್ಲ, ಬಾನ್‌ನ ಆ ಒಂಬತ್ತು ಸಾಧುಗಳಲ್ಲಿ ಆಕೆಯದ್ದೂ ಒಂದಿರಬಹುದು. ‘ಚಪ್ಪಲಿ ಇಲ್ಲಿದೆ ನೋಡಿ, ನಿಧಾನ’ ಎನ್ನುತ್ತೇವೆ.

ಅಂದಹಾಗೆ ಹಳೆಯ ಸ್ಕ್ಯಾನಿನ ಫಿಲ್ಮು, ಸಿ.ಡಿ. ಎಸೆಯಬೇಡಿ. ರಿಪೋರ್ಟಿನ ಹಾಳೆಯಷ್ಟೇ ತಂದರೆ ಸಾಲದು, ಚಿತ್ರವೇ ಬೇಕು. ಎರಡು ವರ್ಷದ ಹಿಂದಿನ ಚಿತ್ರದಲ್ಲೂ ಅದೇ ಗಂಟು ಅದೇ ಅಳತೆಯಲ್ಲಿ ಕೂತಿದ್ದರೆ ರೇಡಿಯಾಲಜಿಸ್ಟ್ ಅದನ್ನು ಪಕ್ಕಪಕ್ಕ ಇಟ್ಟು ನೋಡಿ, ಎಷ್ಟೋ ಸಲ ಸೂಜಿಯ ಮಾತೇ ಎತ್ತುವುದಿಲ್ಲ.